1/2 + 1/4 = 2/6 ಅಂತ ಬರೆಯುವ ಮಗನಿಗೆ ಏನು ತಿನ್ನಿಸಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಆರನೇ ಕ್ಲಾಸಿನ ಮಗ 1/2 + 1/4 = 2/6 ಅಂತ ಬರೆಯುತ್ತಾನೆ, ಮಿಶ್ರ ಭಿನ್ನರಾಶಿ ಕಳೆಯುವ ಲೆಕ್ಕ ಬಂದರೆ ಪುಸ್ತಕವನ್ನೇ ಮುಚ್ಚಿಡುತ್ತಾನೆ, ಮನೆಯಲ್ಲಿರುವ ತಿಂಡಿ ಇಟ್ಟುಕೊಂಡು ಹೇಳಿಕೊಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನನ್ನ ಮಗಳ ನೋಟ್‌ಬುಕ್ಕಿನಲ್ಲೂ ಇದೇ 2/6 ಇತ್ತು. ನಾನು ಟೀಚರ್ ಅಲ್ಲ. ಅಡುಗೆಮನೆಯಲ್ಲಿ ನಿಂತು ಕಲಿಸಿದ್ದನ್ನಷ್ಟೇ ಹೇಳುತ್ತೇನೆ.

ಮೊದಲು ಪೆನ್ಸಿಲ್ ಕೆಳಗಿಡಿಸಿ. ಬಾಯಲ್ಲೇ ಕೇಳಿ: "ಅರ್ಧ ಹೋಳಿಗೆ ತಿಂದೆ, ಆಮೇಲೆ ಕಾಲು ಹೋಳಿಗೆ ತಿಂದೆ. ಒಟ್ಟು ಎಷ್ಟು?" ನನ್ನ ಮಗಳು ಯೋಚನೆ ಕೂಡ ಮಾಡದೆ "ಮುಕ್ಕಾಲು" ಅಂದಳು. ಅಂದರೆ ಲೆಕ್ಕ ಗೊತ್ತಿತ್ತು, ಬರೆಯುವಾಗ ಎಡವುತ್ತಿದ್ದಳು. ಆಗ 2/6 ಕಡೆ ಬೆರಳಿಟ್ಟು ಕೇಳಿದೆ. 2/6 ಅಂದರೆ ಮೂರರಲ್ಲಿ ಒಂದು ಪಾಲು, ಅರ್ಧಕ್ಕಿಂತ ಕಡಿಮೆ. ಅರ್ಧ ಹೋಳಿಗೆ ತಿಂದ ಮೇಲೆ ಇನ್ನೂ ಕಾಲು ತಿಂದರೆ ಹೊಟ್ಟೆಯಲ್ಲಿರುವುದು ಕಡಿಮೆ ಆಗುತ್ತಾ?

ಇಲ್ಲಿ ಕನ್ನಡ ನಮಗೆ ಜಾಸ್ತಿ ಸಹಾಯ ಮಾಡುತ್ತದೆ. ಮುಕ್ಕಾಲು ಅನ್ನೋ ಪದ ಬಿಡಿಸಿ ನೋಡಿ. ಮೂರು ಕಾಲು ಸೇರಿ ಮುಕ್ಕಾಲು, ಮೂರು ಮಡಿ ಮುಮ್ಮಡಿ ಆಗುವ ಹಾಗೆ. 3/4ರಲ್ಲಿ ಮೇಲಿನ 3 ಅಂದರೆ ಆ "ಮು". ಕೆಳಗಿನ 4 ಅಂದರೆ "ಕಾಲು". ಕೆಳಗಿರುವುದು ಎಣಿಕೆಯೇ ಅಲ್ಲ, ಅದು ತುಂಡಿನ ಹೆಸರು. ಎರಡು ಇಡ್ಲಿಗೆ ಮೂರು ಇಡ್ಲಿ ಸೇರಿಸಿದರೆ ಐದು ಇಡ್ಲಿ. ಎರಡನ್ನೂ ಮೂರನ್ನೂ ಕೂಡಿಸಿದೆವು, "ಇಡ್ಲಿ"ಯನ್ನೂ "ಇಡ್ಲಿ"ಯನ್ನೂ ಕೂಡಿಸಲಿಲ್ಲ ಅಲ್ವಾ? ಛೇದವನ್ನು ಕೂಡಿಸಬಾರದು ಅಂತ ಟೀಚರ್ ಹೇಳುವುದು ಇದಕ್ಕೇ. ಅರ್ಧ ಅಂದರೆ ಎರಡು ಕಾಲು. ಎರಡು ಕಾಲಿಗೆ ಒಂದು ಕಾಲು ಸೇರಿದರೆ ಮೂರು ಕಾಲು. ಮುಗೀತು.

ನಮ್ಮಜ್ಜಿಯ ಕಾಲದ ಅಳತೆ ಪಾತ್ರೆಗಳೂ ಇದೇ ಲೆಕ್ಕ. ಎರಡು ಪಾವು ಸೇರಿದರೆ ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಸೇರನ್ನು ಒಂದು ಅಂದುಕೊಂಡರೆ ಅಚ್ಚೇರು ಅದರ 1/2, ಪಾವು 1/4. ಮನೆಯ ಅಟ್ಟದ ಮೇಲೆ ಒಂದು ಹಿತ್ತಾಳೆ ಪಾವು ಸಿಕ್ಕಿದರೆ ಇಳಿಸಿಕೊಳ್ಳಿ. ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಮಗಳು ಇಷ್ಟಕ್ಕೆ ಸೋಲಲಿಲ್ಲ. ಬಾಳೆಹಣ್ಣು ತಂದಿಟ್ಟಳು. "ಈ ತಟ್ಟೆಯಲ್ಲಿ ಎರಡು ಹಣ್ಣು, ಒಂದು ನಂದು. ಆ ತಟ್ಟೆಯಲ್ಲಿ ನಾಲ್ಕು, ಒಂದು ನಂದು. ಒಟ್ಟು ಆರು ಹಣ್ಣಲ್ಲಿ ಎರಡು ನಂದು. 2/6 ಸರಿ ತಾನೇ?" ಅಂದಳು. ನಿಜ ಹೇಳುತ್ತೇನೆ, ಉತ್ತರ ಹೇಳೋಕೆ ನನಗೆ ಒಂದು ರಾತ್ರಿ ಬೇಕಾಯಿತು. ಅವಳು ಎಣಿಸಿದ್ದು ಸರಿಯೇ ಇದೆ. ಆದರೆ ಅವಳ ಅರ್ಧ ಎರಡು ಹಣ್ಣಿನ ಅರ್ಧ, ಅವಳ ಕಾಲು ನಾಲ್ಕು ಹಣ್ಣಿನ ಕಾಲು, ಕೊನೆಗೆ ಬಂದ 2/6 ಆರು ಹಣ್ಣಿನದು. ಮೂರು ಕಡೆ ಮೂರು ಬೇರೆ ಬೇರೆ "ಪೂರ್ತಿ". ಕೂಡಬೇಕಾದರೆ ಪೂರ್ತಿ ಅನ್ನೋದು ಎಲ್ಲ ಕಡೆ ಒಂದೇ ಇರಬೇಕು. ಅರ್ಧ ಸೆಟ್ ದೋಸೆಗೂ ಅರ್ಧ ಪೇಪರ್ ದೋಸೆಗೂ ಹೆಸರು ಒಂದೇ, ಗಾತ್ರ ಒಂದೇನಾ? ನಿಮ್ಮ ಮಗನೂ ಇದೇ ವಾದ ತೆಗೆದರೆ ಬೈಯಬೇಡಿ. ಒಳ್ಳೆ ಪ್ರಶ್ನೆ ಅದು.

ಮಿಶ್ರ ಭಿನ್ನರಾಶಿ ಕೂಡುವುದಕ್ಕೆ ಬಿಸಿಬೇಳೆಬಾತ್ ಮಾಡುವ ದಿನ ಅವನನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಒಂದೂವರೆ ಲೋಟ ಅಕ್ಕಿ, ಮುಕ್ಕಾಲು ಲೋಟ ತೊಗರಿಬೇಳೆ. ಕುಕ್ಕರಿಗೆ ಒಟ್ಟು ಎಷ್ಟು ಲೋಟ ಬಿತ್ತು? ಒಂದು ಕಾಲು ಲೋಟದ ಅಳತೆ ಕೈಗೆ ಕೊಟ್ಟು ಅದರಲ್ಲೇ ಅಳೆಯಲು ಹೇಳಿ. ಅಕ್ಕಿ ಆರು ಸಲ, ಬೇಳೆ ಮೂರು ಸಲ. ಒಂಬತ್ತು ಕಾಲು, ಅಂದರೆ 9/4. ನಾಲ್ಕು ಕಾಲಿಗೆ ಒಂದು ಲೋಟ, ಇನ್ನು ನಾಲ್ಕಕ್ಕೆ ಇನ್ನೊಂದು, ಉಳಿದಿದ್ದು ಒಂದು ಕಾಲು. ಎರಡೂಕಾಲು ಲೋಟ. ವಿಷಮ ಭಿನ್ನರಾಶಿ ಅಂತ ಹೆದರಿಸುವ ಹೆಸರಿಟ್ಟಿದ್ದಾರಲ್ಲ, ಅದು ಇಷ್ಟೇ: ಎಲ್ಲವನ್ನೂ ಚಿಕ್ಕ ಅಳತೆಯಲ್ಲಿ ಎಣಿಸುವುದು. ಇನ್ನೊಂದು ಮಾತು. ಒಂದೂವರೆ ಅನ್ನುವಾಗ ಒಂದು ಆದ ಮೇಲೆ ಬರುವ ಆ "ಊ" ಇದೆಯಲ್ಲ, ಕೂಡುವ ಚಿಹ್ನೆ ಅದೇ. 1½ ಅಂದರೆ 1 + ½. ಬರೆಯುವಾಗ ಚಿಹ್ನೆ ಕಾಣುವುದಿಲ್ಲ, ಹೇಳುವಾಗ ಕೇಳಿಸುತ್ತದೆ.

ಅರ್ಧ, ಕಾಲು ಇರುವವರೆಗೆ ಎಲ್ಲ ಸಲೀಸು. ⅓ + ¼ ಬಂದಾಗ ನಿಜವಾದ ತಲೆನೋವು ಶುರು. ನಾನು ದೋಸೆಯಲ್ಲಿ ತೋರಿಸಲು ಹೋಗಿ ಕೆಟ್ಟೆ. ದುಂಡಗಿರುವುದನ್ನು ಸಮನಾಗಿ ಮೂರು ಪಾಲು ಮಾಡುವುದು ಕಷ್ಟ. ಅಷ್ಟರಲ್ಲಿ ದೋಸೆ ತಣ್ಣಗಾಯಿತು, ಮಗಳಿಗೂ ಸಿಟ್ಟು ಬಂತು. ಇದಕ್ಕೆ ಸರಿಯಾದ ತಿಂಡಿ ಕೊಬ್ಬರಿ ಮಿಠಾಯಿ. ಉದ್ದ ತಟ್ಟೆಗೆ ಹಾಕಿ ಸಮ ಮಾಡಿ, ಬಿಸಿ ಇರುವಾಗಲೇ ಚಾಕುವಿನಲ್ಲಿ ಗೆರೆ ಎಳೆಯಿರಿ. ಉದ್ದಕ್ಕೆ ಮೂರು ಪಟ್ಟಿ, ಅಡ್ಡಕ್ಕೆ ನಾಲ್ಕು ಪಟ್ಟಿ. ಒಟ್ಟು ಹನ್ನೆರಡು ತುಂಡು. ಉದ್ದದ ಒಂದು ಪಟ್ಟಿ ತಟ್ಟೆಯ ⅓, ಅದರಲ್ಲಿ ನಾಲ್ಕು ತುಂಡು. ಅಡ್ಡದ ಒಂದು ಪಟ್ಟಿ ¼, ಅದರಲ್ಲಿ ಮೂರು. ನಾಲ್ಕೂ ಮೂರೂ ಏಳು, ಹಾಗಾಗಿ 7/12.

ಆಗ ಒಂದು ತಮಾಷೆ ಆಯಿತು. ಮಗಳು ಎರಡೂ ಪಟ್ಟಿಯ ಮೇಲೆ ಬೆರಳಾಡಿಸಿ ಎಣಿಸಿ "ಏಳಲ್ಲ ಅಮ್ಮ, ಆರೇ ಇದೆ" ಅಂದಳು. ನೋಡಿದರೆ ಹೌದು! ಉದ್ದದ ಪಟ್ಟಿಯೂ ಅಡ್ಡದ ಪಟ್ಟಿಯೂ ಒಂದು ಮೂಲೆಯ ತುಂಡಿನಲ್ಲಿ ಸೇರುತ್ತವೆ, ಆ ತುಂಡು ಎರಡಕ್ಕೂ ಬೇಕು. ನಾನು ಆ ಉದ್ದದ ಪಟ್ಟಿಯ ನಾಲ್ಕನ್ನು ಅವಳ ತಟ್ಟೆಗೆ ಹಾಕಿದೆ. "ಕಾಲು ಅಂದರೆ ಮೂರು ತುಂಡು, ಎಲ್ಲಿಂದ ತೆಗೆದರೂ ಮೂರೇ" ಅಂತ ಉಳಿದ ಕಡೆಯಿಂದ ಮೂರು ಎತ್ತಿಕೊಟ್ಟೆ. ಏಳಾಯಿತು. ನೀವೂ ಹೀಗೇ ಎತ್ತಿಕೊಡಿ, ಗೆರೆ ತೋರಿಸಿ ಬಿಟ್ಟುಬಿಡಬೇಡಿ.

ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಅಂದರೆ ಬೇಕಾದಷ್ಟೇ ಕತ್ತರಿಸುವ ಜಾಣತನ. ¼ + ⅙ಕ್ಕೆ ನಾಲ್ಕಾರಲೆ ಇಪ್ಪತ್ನಾಲ್ಕು ತುಂಡು ಮಾಡಿದರೂ ಉತ್ತರ ಬರುತ್ತದೆ, 10/24. ಆದರೆ ಹನ್ನೆರಡೇ ಸಾಕು: ಮೂರು ತುಂಡು, ಎರಡು ತುಂಡು, 5/12. ಮಿಠಾಯಿ ಪುಡಿಯಾಗುವುದೂ ಕಡಿಮೆ. ಈ ಜಾಣತನ ನಮ್ಮ ಊರ ಕಡೆಯದ್ದೇ ಅಂತ ಮಕ್ಕಳಿಗೆ ಹೇಳಬಹುದು. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಇದ್ದ ಗಣಿತಜ್ಞ ಮಹಾವೀರಾಚಾರ್ಯ ಭಿನ್ನರಾಶಿ ಕೂಡಲು ಈ ಲ.ಸಾ.ಅ. ದಾರಿಯನ್ನೇ ಹೇಳಿದ್ದಾನೆ, ಅದನ್ನು ನಿರುದ್ಧ ಅಂತ ಕರೆದಿದ್ದಾನೆ. ಛೇದಗಳನ್ನು ಒಂದೇ ಮಾಡುವುದಕ್ಕೆ ಆಗಿನವರ ಹೆಸರು ಕಲಾಸವರ್ಣ. ಸವರ್ಣ ಅಂದರೆ ಒಂದೇ ಬಣ್ಣ. ತುಂಡುಗಳನ್ನೆಲ್ಲ ಒಂದೇ ಬಣ್ಣಕ್ಕೆ ತಂದು ಆಮೇಲೆ ಎಣಿಸು ಅಂತ. ನನಗೆ ಲ.ಸಾ.ಅ.ಗಿಂತ ಈ ಹೆಸರೇ ಇಷ್ಟ.

ಇನ್ನು ನಿಮ್ಮ ಮಗ ಪುಸ್ತಕ ಮುಚ್ಚಿಡುವ ಕಳೆಯುವ ಲೆಕ್ಕ. 3¼ − 1¾ ತೆಗೆದುಕೊಳ್ಳಿ. ಮಕ್ಕಳು ಇಲ್ಲಿ ಎರಡು ಥರ ತಪ್ಪುತ್ತಾರೆ. ಒಂದು, ಮೂರರಲ್ಲಿ ಒಂದು ಹೋದರೆ ಎರಡು, ಮುಕ್ಕಾಲಿನಲ್ಲಿ ಕಾಲು ಹೋದರೆ ಅರ್ಧ, ಎರಡೂವರೆ ಅಂತ ದೊಡ್ಡದರಿಂದ ಚಿಕ್ಕದನ್ನು ಸುಮ್ನೆ ಕಳೆದುಬಿಡುತ್ತಾರೆ. ಇನ್ನೊಂದು, ಪಕ್ಕದಿಂದ ಸಾಲ ತರುವಾಗ ಹಳೇ ಅಭ್ಯಾಸದಂತೆ ಹತ್ತು ತರುತ್ತಾರೆ, ¼ ಹೋಗಿ 11/4 ಆಗುತ್ತದೆ. ನನ್ನ ಮಗಳು ಎರಡನ್ನೂ ಮಾಡಿದ್ದಳು.

ಡಬ್ಬಿಯಲ್ಲಿ ಮೂರೂಕಾಲು ಹೋಳಿಗೆ ಇಡಿ. ಪಕ್ಕದ ಮನೆಗೆ ಒಂದೂಮುಕ್ಕಾಲು ಕೊಡಬೇಕು ಅನ್ನಿ. (ಮುಕ್ಕಾಲು ಹೋಳಿಗೆ ಯಾರು ಕೊಡುತ್ತಾರೆ ಅಂತ ಅವನು ಕೇಳುತ್ತಾನೆ. ಕೇಳಲಿ.) ಕೊಡಬೇಕಾದದ್ದು ಮೂರು ಕಾಲು ತುಂಡು, ಬಿಡಿಯಾಗಿ ಇರುವುದು ಒಂದೇ ಕಾಲು. ಏನು ಮಾಡ್ತೀಯ? ಮಗಳು ಒಂದು ನಿಮಿಷ ಡಬ್ಬಿ ನೋಡಿದಳು. ಆಮೇಲೆ ಒಂದು ಪೂರ್ತಿ ಹೋಳಿಗೆ ತೆಗೆದು ಅರ್ಧಕ್ಕೆ ಹರಿದಳು, ಅರ್ಧವನ್ನು ಮತ್ತೆ ಅರ್ಧಕ್ಕೆ ಹರಿದಳು, ಹೂರಣ ಎಲ್ಲ ಕೈಗೆ. ನೂರರ ನೋಟಿಗೆ ಚಿಲ್ಲರೆ ಮಾಡಿಸಿದ ಹಾಗೆ. ಒಂದು ಹೋಳಿಗೆ ಹರಿದರೆ ಬರುವುದು ನಾಲ್ಕು ಕಾಲು, ಹತ್ತಲ್ಲ! ಈಗ ಎರಡು ಪೂರ್ತಿ, ಐದು ಕಾಲು. ಅದರಲ್ಲಿ ಒಂದು ಪೂರ್ತಿ, ಮೂರು ಕಾಲು ಹೋಯಿತು. ಉಳಿದಿದ್ದು ಒಂದು ಪೂರ್ತಿ, ಎರಡು ಕಾಲು. ಒಂದೂವರೆ. ಹತ್ತು ತರುವ ತಪ್ಪು ಆ ದಿನವೇ ನಿಂತಿತು.

ನನಗೆ ಇದಕ್ಕಿಂತ ಹಿಡಿಸುವುದು ಅಂಗಡಿಯವರ ದಾರಿ. ಚಿಲ್ಲರೆ ವಾಪಸ್ ಕೊಡುವಾಗ ಅವರು ಕಳೆಯುವುದಿಲ್ಲ, ಮೇಲಕ್ಕೆ ಎಣಿಸಿಕೊಂಡು ಹೋಗುತ್ತಾರೆ. ಒಂದೂಮುಕ್ಕಾಲಿಗೆ ಕಾಲು ಹಾಕಿದರೆ ಎರಡು. ಒಂದು ಹಾಕಿದರೆ ಮೂರು. ಇನ್ನೊಂದು ಕಾಲು ಹಾಕಿದರೆ ಮೂರೂಕಾಲು. ಹಾಕಿದ್ದೆಷ್ಟು? ಕಾಲು, ಒಂದು, ಕಾಲು. ಒಂದೂವರೆ. ಪರೀಕ್ಷೆಯಲ್ಲಿ ಶಾಲೆಯ ಕ್ರಮದಲ್ಲೇ ಬರೆಯಲಿ, 13/4 − 7/4 = 6/4 = 1½ ಅಂತ. ಸರಿ ಇದೆಯಾ ಅಂತ ನೋಡಿಕೊಳ್ಳಲು ಮನಸ್ಸಿನಲ್ಲಿ ಹೀಗೆ ಎಣಿಸಲಿ.

ಭಾನುವಾರ ಮಿಠಾಯಿ ಮಾಡಿದರೆ 2⅓ − 1½ ಕೊಟ್ಟು ನೋಡಿ. ಒಂದೊಂದು ತಟ್ಟೆಗೆ ಆರು ತುಂಡು ಸಾಕು. ಎರಡು ತಟ್ಟೆ, ಮೇಲೆ ಎರಡು ತುಂಡು, ಒಟ್ಟು ಹದಿನಾಲ್ಕು. ಒಂದೂವರೆ ತಟ್ಟೆ ಅಂದರೆ ಒಂಬತ್ತು ತುಂಡು. ಉಳಿಯುವುದು ಐದು, 5/6. ಗೆರೆ ಎಳೆಯುವುದನ್ನು ಮಾತ್ರ ಮರೆತು ಕೂರಬೇಡಿ, ಆರಿದ ಮೇಲೆ ಕತ್ತರಿಸಿದರೆ ಅಂಚೆಲ್ಲ ಉದುರಿ ಒಂದು ತುಂಡೂ ಇನ್ನೊಂದಕ್ಕೆ ಸಮ ಬರುವುದಿಲ್ಲ.