ಉಡಿ ತುಂಬಿದವರ ಮಾತಿಗೆ ಆಪರೇಷನ್ ಬೇಕಾ?

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ರಾಣೆಬೆನ್ನೂರಿನವಳು. ಇಲ್ಲೇ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎತ್ತರ 5 ಅಡಿ 3 ಇಂಚು, ತೂಕ 44 ಕೆಜಿ. ಮೊದಲಿನಿಂದಲೂ ಹೀಗೇ. ಹುಬ್ಬಳ್ಳಿಯ ಹುಡುಗನ ಜೊತೆ ನಿಶ್ಚಯ ಆಗಿದೆ, ಇನ್ನು ನಾಲ್ಕು ತಿಂಗಳಿಗೆ ಮದುವೆ. ನಿಶ್ಚಯದ ದಿನ ಉಡಿ ತುಂಬುವಾಗ ಹುಡುಗನ ಅಕ್ಕ ಎಲ್ಲರ ಮುಂದೆ, ‘ಉಡಿ ಏನೋ ತುಂಬಿದ್ವಿ, ಕುಬಸ ಹ್ಯಾಂಗ ತುಂಬೂದು?’ ಅಂದರು. ಹೆಂಗಸರೆಲ್ಲ ನಕ್ಕರು, ನಮ್ಮವ್ವನೂ ನಕ್ಕಳು. ಅವತ್ತಿನಿಂದ ಕನ್ನಡಿ ಮುಂದೆ ನಿಲ್ಲೋಕೆ ಆಗ್ತಿಲ್ಲ. ರೀಲ್ಸ್‌ನಲ್ಲಿ ಬೆಂಗಳೂರಿನ ಒಂದು ಕ್ಲಿನಿಕ್ ನೋಡಿದೆ. ಹೊಟ್ಟೆ, ತೊಡೆಯ ಕೊಬ್ಬು ತೆಗೆದು ಎದೆಗೆ ತುಂಬುತ್ತಾರಂತೆ. ಫೋನ್ ಮಾಡಿದರೆ, ‘ತೆಳ್ಳಗಿರೋರಿಗೂ ಮಾಡ್ತೀವಿ, ಐದಾರು ಕೆಜಿ ಏರಿಸಿಕೊಂಡು ಬನ್ನಿ. ಸಿಲಿಕಾನ್ ಅಲ್ಲ, ನಿಮ್ಮದೇ ಕೊಬ್ಬು, ಸೈಡ್ ಎಫೆಕ್ಟ್ ಇಲ್ಲ’ ಅಂದರು. ಎರಡು ಲಕ್ಷ ಚಿಲ್ಲರೆ ಆಗುತ್ತದೆ. ಹತ್ತು ಸಾವಿರ ಅಡ್ವಾನ್ಸ್ ಕಟ್ಟಿದ್ದೇನೆ. ಅವ್ವನಿಗೂ ಹುಡುಗನಿಗೂ ಹೇಳಿಲ್ಲ. ಟ್ರೇನಿಂಗ್ ಇದೆ ಅಂತ ಹೇಳಿ ಮೂರು ದಿನ ಹೋಗಿಬರೋಣ ಅಂತ. ಅಂದಹಾಗೆ ನಮ್ಮ ಸೋದರತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಆರಾಮಿದ್ದಾರೆ. ಅದು ಅಪ್ಪನ ಕಡೆಯದು, ನನಗೇನೂ ಸಂಬಂಧ ಇಲ್ಲ ಅಲ್ವಾ? ಮಾಡಿಸಲಾ?

ಉತ್ತರ: ತಂಗಿ, ಮದುವೆಗೆ ಮುಂಚೆ ಬೇಡ. ಕದ್ದುಮುಚ್ಚಿ ಅಂತೂ ಬೇಡವೇ ಬೇಡ.

ಆಸೆ ಪಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ‘ದೇವರು ಕೊಟ್ಟಿದ್ದು ಸಾಕು’ ಅಂತ ಉಪದೇಶ ಮಾಡುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ. ಮೈ ನಿನ್ನದು, ದುಡಿದ ದುಡ್ಡೂ ನಿನ್ನದು. ನನ್ನ ತಕರಾರು ಬೇರೆ. ಆ ಕ್ಲಿನಿಕ್ಕಿನವರು ಹೇಳಿದ್ದು ನಿನ್ನ ಮೈಗೆ ಕೂಡಿಬರುವ ಲೆಕ್ಕವಲ್ಲ. ನಿನ್ನ ಕೆಲಸವೇ ಲೆಕ್ಕ ನೋಡೋದು, ಹಾಗಾಗಿ ಸಂಖ್ಯೆಯಲ್ಲೇ ಹೇಳುತ್ತೇನೆ.

ಈ ಆಪರೇಷನ್‌ನಲ್ಲಿ ಮೊದಲು ಹೊಟ್ಟೆ, ಸೊಂಟ, ತೊಡೆಯ ಚರ್ಮದ ಕೆಳಗೆ ಸಲೈನ್ ಬಿಡುತ್ತಾರೆ. ಅದರಲ್ಲಿ ಮರಗಟ್ಟಿಸುವ ಔಷಧಿ ಇರುತ್ತದೆ, ರಕ್ತ ಜಾಸ್ತಿ ಹೋಗದಿರಲಿ ಅಂತ ಅಡ್ರಿನಲಿನ್ ಇರುತ್ತದೆ. ಆಮೇಲೆ ಸಣ್ಣ ಕೊಳವೆ ತೂರಿಸಿ ಕೊಬ್ಬು ಹೀರುತ್ತಾರೆ. ಹೀರಿದ್ದೆಲ್ಲ ಕೊಬ್ಬಲ್ಲ. ನೀರು, ರಕ್ತ, ಒಡೆದ ಕೊಬ್ಬಿನ ಎಣ್ಣೆ ಎಲ್ಲ ಕಲೆತಿರುತ್ತದೆ. ಅದನ್ನೆಲ್ಲ ಬೇರೆ ಮಾಡಿದ ಮೇಲೆ ಕೆಲಸಕ್ಕೆ ಬರೋದು ಸುಮಾರು ಅರ್ಧ. ಒಂದೊಂದು ಕಡೆಗೆ 200ರಿಂದ 250 ಮಿಲಿ ತುಂಬಬೇಕು ಅಂದರೆ ಒಟ್ಟು ಅರ್ಧ ಲೀಟರ್ ಶುದ್ಧ ಕೊಬ್ಬು ಬೇಕು. ಅಂದರೆ ಹೀರಬೇಕಾದ್ದು ಹತ್ತಿರ ಹತ್ತಿರ ಒಂದು ಲೀಟರ್. 44 ಕೆಜಿಯ ಹುಡುಗಿಯಲ್ಲಿ ಅದು ಎಲ್ಲಿದೆ? ಅಲ್ಲಿಷ್ಟು ಇಲ್ಲಿಷ್ಟು ಕೆರೆದು ತೆಗೆದರೆ ತೊಡೆ, ಹೊಟ್ಟೆಯ ಮೇಲೆ ಗುಳಿ ಬಿದ್ದು ಉಬ್ಬುತಗ್ಗು ಉಳಿಯಬಹುದು.

ತುಂಬಿದ್ದಾದರೂ ಪೂರ್ತಿ ಉಳಿಯುತ್ತದಾ? ಇಲ್ಲ. ಹನಿಹನಿಯಾಗಿ ಬಿಟ್ಟ ಕೊಬ್ಬಿಗೆ ಸುತ್ತಲಿನಿಂದ ರಕ್ತ ಸಿಕ್ಕರೆ ಮಾತ್ರ ಅದು ಬದುಕುತ್ತದೆ. ಮೆಣಸಿನ ಅಗಿಯನ್ನು ಒತ್ತೊತ್ತಾಗಿ ಹಚ್ಚಿದರೆ ಎಷ್ಟು ಉಳಿಯುತ್ತವೆ ಅಂತ ನಿಮ್ಮ ಕಂಪನಿಗೆ ಬರುವ ಯಾವ ರೈತನನ್ನಾದರೂ ಕೇಳು. ತೆಳ್ಳಗಿರುವವರ ಎದೆಯ ಚರ್ಮ ಬಿಗಿಯಾಗಿರುತ್ತದೆ, ಒಳಗೆ ಜಾಗ ಕಡಿಮೆ. ಜಾಸ್ತಿ ತುಂಬಿದರೆ ಒತ್ತಡಕ್ಕೆ ರಕ್ತ ಓಡದೆ ಕೊಬ್ಬು ಸಾಯುತ್ತದೆ. ಸಾಮಾನ್ಯವಾಗಿ 100ಕ್ಕೆ 50ರಿಂದ 70 ಉಳಿದರೆ ಚೆನ್ನಾಗಿ ಆಯ್ತು ಅಂತ ಲೆಕ್ಕ. ಕೊನೆಗೆ ಸಿಗೋದು ಅರ್ಧದಿಂದ ಒಂದು ಕಪ್ ಸೈಜು. ಇನ್ನೂ ಬೇಕು ಅಂದರೆ ಮೂರರಿಂದ ಆರು ತಿಂಗಳು ಬಿಟ್ಟು ಎರಡನೇ ಸಲ ಮಾಡಬೇಕು. ಅಷ್ಟು ಹೊತ್ತಿಗೆ ನಿನ್ನಲ್ಲಿ ತೆಗೆಯೋಕೆ ಏನು ಉಳಿದಿರುತ್ತದೆ?

ಇನ್ನು ‘ಐದಾರು ಕೆಜಿ ಏರಿಸಿಕೊಂಡು ಬನ್ನಿ’ ಎಂಬ ಮಾತು. ಕೊಬ್ಬು ಎದೆಗೆ ಹೋದ ಮೇಲೂ ತನ್ನ ಹಳೇ ಗುಣ ಬಿಡುವುದಿಲ್ಲ. ತೂಕ ಏರಿದರೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಮೊದಲಿನಿಂದಲೂ ತೆಳ್ಳಗಿರುವ ನೀನು ಬಲವಂತವಾಗಿ ತಿಂದು ದಪ್ಪಗಾಗಿ, ಮದುವೆಯ ಓಡಾಟದಲ್ಲಿ ಮತ್ತೆ 44ಕ್ಕೆ ಬಂದರೆ ಎರಡು ಲಕ್ಷದ ಒಂದು ಪಾಲು ಹಾಗೇ ಕರಗಿತು ಅಂತಲೇ. ಈ ಖರ್ಚಿಗೆ ಆರೋಗ್ಯ ವಿಮೆ ಬರೋದಿಲ್ಲ, ಜಿಎಸ್‌ಟಿ ಬೇರೆ ಬೀಳುತ್ತದೆ.

ಮೂರು ದಿನದಲ್ಲಿ ಮುಗಿಸಿ ಬರೋದೂ ಸುಳ್ಳು. ಎರಡು ಮೂರು ವಾರ ಮೈ ಕಂದಿರುತ್ತದೆ, ಬಾವು ಇರುತ್ತದೆ. ಕೊಬ್ಬು ತೆಗೆದ ಕಡೆ ನಾಲ್ಕರಿಂದ ಆರು ವಾರ ಬಿಗಿಯಾದ ಬಟ್ಟೆ ಹಾಕಿಕೊಂಡೇ ಇರಬೇಕು. ಬೋರಲು ಮಲಗುವ ಹಾಗಿಲ್ಲ. ಒಂದೇ ಮನೆಯಲ್ಲಿ ಇರುವ ಅವ್ವನಿಗೆ ಇದು ಕಾಣಿಸದೇ ಇರುತ್ತದಾ? ಇನ್ನೊಂದು ಕೇಳು, ಇದು ನನಗೆ ನಗು ತರಿಸಿತು. ಸರಿಯಾದ ಅಳತೆ ಗೊತ್ತಾಗೋದು ಮೂರರಿಂದ ಆರು ತಿಂಗಳಿಗೆ. ಮೊದಲ ತಿಂಗಳ ಬಾವು ನೋಡಿ ಟೇಲರ್ ಅಕ್ಕ ಖಣದ ಕುಬಸಕ್ಕೆ ಅಳತೆ ತಗೊಂಡರೆ, ಅಕ್ಕಿಕಾಳಿನ ಹೊತ್ತಿಗೆ ಅದು ಜೋತಾಡುತ್ತಿರುತ್ತದೆ. ಸುಮ್ನೆ ಅದೇ ಟೇಲರ್‌ಗೆ ಒಳಗೆ ಕಪ್ ಇಟ್ಟು ಹೊಲಿಯೋಕೆ ಹೇಳು. ಎಷ್ಟೋ ಹುಡುಗಿಯರು ಮದುವೆಗೆ ಹಾಗೇ ಹೊಲಿಸಿಕೊಳ್ಳುತ್ತಾರೆ, ಕೇಳಿ ನೋಡು.

‘ನಿಮ್ಮದೇ ಕೊಬ್ಬು, ಸೈಡ್ ಎಫೆಕ್ಟ್ ಇಲ್ಲ’ ಅಂದವರ ಮೇಲೆ ನನಗೆ ಸಿಟ್ಟಿದೆ. ಕೊಬ್ಬು ನಿನ್ನದೇ ಇರಬಹುದು, ಅರಿವಳಿಕೆ, ಸೋಂಕು, ರಕ್ತಸ್ರಾವ ಯಾರ ಮಾತೂ ಕೇಳುವುದಿಲ್ಲ. 2022ರಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಆಪರೇಷನ್‌ಗೆ ಹೋಗಿ ತೀರಿಕೊಂಡಿದ್ದು ನೆನಪಿರಬೇಕು. ಮನೆಯವರಿಗೆ ಹೇಳದೇ ಹೋಗಿದ್ದಳು ಅಂತ ಆಗ ಸುದ್ದಿಯಾಗಿತ್ತು. ಹೆದರಿಸೋಕೆ ಹೇಳುತ್ತಿಲ್ಲ. ಒಳ್ಳೆಯ ಕೈಯಲ್ಲಿ, ಸರಿಯಾದ ಆಸ್ಪತ್ರೆಯಲ್ಲಿ ಇಂಥ ಆಪರೇಷನ್ ಮಾಡಿಸಿಕೊಂಡು ಆರಾಮಾಗಿ ಇರುವವರು ಬಹಳ ಜನ ಇದ್ದಾರೆ. ಆದರೆ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ನಿನ್ನವರು ಅಂತ ಒಬ್ಬರಾದರೂ ಕೂತಿರಬೇಕು.

ಈಗ ನಿನ್ನ ಸೋದರತ್ತೆ. ಪತ್ರದ ಕೊನೆಗೆ ‘ಅಂದಹಾಗೆ’ ಅಂತ ಬರೆದಿದ್ದೀಯಲ್ಲ, ನಾನು ಎರಡು ಸಲ ಓದಿದ್ದು ಅದನ್ನೇ. ಅಪ್ಪನ ಕಡೆ ಆದರೆ ಸಂಬಂಧ ಇಲ್ಲ ಅನ್ನೋದು ತಪ್ಪು. ಸ್ತನ ಕ್ಯಾನ್ಸರ್‌ಗೆ ದಾರಿ ಮಾಡುವ ಜೀನ್ ದೋಷ ಮನೆತನದಲ್ಲಿ ಇದ್ದರೆ ಅದು ಅಪ್ಪನ ಕಡೆಯಿಂದಲೂ ಅಷ್ಟೇ ಸುಲಭವಾಗಿ ಬರುತ್ತದೆ. ಅತ್ತೆಗೆ ಬಂದ ಮಾತ್ರಕ್ಕೆ ನಿನಗೆ ಬರುತ್ತದೆ ಅಂತಲ್ಲ, ಆದರೆ ಡಾಕ್ಟರಿಗೆ ಹೇಳಲೇಬೇಕಾದ ವಿಷಯ ಇದು. ಕೊಬ್ಬು ತುಂಬಿಸುವುದರಿಂದ ಕ್ಯಾನ್ಸರ್ ಹೆಚ್ಚುತ್ತದೆ ಅಂತ ಇಲ್ಲಿಯವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ತೊಂದರೆ ಇರೋದು ಬೇರೆ ಕಡೆ. ಸತ್ತ ಕೊಬ್ಬು ಎಣ್ಣೆಯ ಗುಳ್ಳೆಯಾಗಿ, ಗಂಟಾಗಿ, ಸುಣ್ಣದ ಚುಕ್ಕೆಯಾಗಿ ಎದೆಯಲ್ಲಿ ಉಳಿಯಬಹುದು. ಮುಂದೆ ಕೈಗೆ ಗಂಟು ಸಿಕ್ಕಿದಾಗ ಅದು ಯಾವುದು ಅಂತ ತಿಳಿಯೋಕೆ ಸ್ಕ್ಯಾನ್, ಬಯಾಪ್ಸಿ ಅಂತ ಓಡಾಟ, ಫಲಿತಾಂಶ ಬರುವವರೆಗೆ ನಿದ್ದೆಗೇಡು. ಈ ಗೊಂದಲದ ಭಯಕ್ಕೇ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ 1987ರಲ್ಲಿ ಎದೆಗೆ ಕೊಬ್ಬು ತುಂಬುವುದೇ ಬೇಡ ಅಂದಿತ್ತು. ಸ್ಕ್ಯಾನ್‌ಗಳು ಸುಧಾರಿಸಿದ ಮೇಲೆ, 2009ರಲ್ಲಿ, ಆ ನಿಲುವು ಸಡಿಲಾಯಿತು. ಆಗಲೂ ಮನೆತನದಲ್ಲಿ ಕ್ಯಾನ್ಸರ್ ಇದ್ದವರ ವಿಷಯದಲ್ಲಿ ಜೋಪಾನ ಅಂತಲೇ ಹೇಳಿದರು. ಫೋನ್‌ನಲ್ಲಿ ಆ ಕ್ಲಿನಿಕ್ಕಿನವರು ನಿನ್ನ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಅಂತ ಕೇಳಿದರಾ? ನೀನು ಬರೆದಿಲ್ಲ. ಕೇಳಿರಲಿಕ್ಕಿಲ್ಲ ಅಂತ ನನ್ನ ಊಹೆ.

ಮದುವೆಯಾಗಿ, ಮಕ್ಕಳಾಗಿ, ಹಾಲು ಬಿಡಿಸಿದ ಮೇಲೂ ಈ ಆಸೆ ಇದ್ದರೆ ಆಗ ನೋಡು. ಬಸಿರು, ಬಾಣಂತನದಲ್ಲಿ ಎದೆಯ ಆಕಾರ ಹೇಗೂ ಬದಲಾಗುತ್ತದೆ. ಆಗ ಬ್ಯೂಟಿ ಕ್ಲಿನಿಕ್ ಬೇಡ, ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಮಾಡಿದವರ ಹತ್ತಿರ ಹೋಗು. ಹುಬ್ಬಳ್ಳಿಯಲ್ಲೇ ಇದ್ದಾರೆ. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲೆ ಇರಬೇಕು. ಅರಿವಳಿಕೆ ತಜ್ಞರು ಯಾರು, ಐಸಿಯು ಇದೆಯಾ ಅಂತ ಕೇಳು. ನಿನ್ನಷ್ಟು ತೆಳ್ಳಗಿರುವವರಿಗೆ ಪ್ರಾಮಾಣಿಕ ಸರ್ಜನ್ ‘ಕೊಬ್ಬು ಸಾಲದು’ ಅಂತ ನೇರವಾಗಿ ಹೇಳುತ್ತಾರೆ. ಸಿಲಿಕಾನ್ ಇಂಪ್ಲಾಂಟ್ ಬಗ್ಗೆಯೂ ಹೇಳಬಹುದು. ಅದರಲ್ಲಿ ಅಳತೆ ಖಾತ್ರಿ, ಆದರೆ ಜೀವನಪೂರ್ತಿ ಬಾಳುವ ವಸ್ತು ಅಲ್ಲ, ಮುಂದೆ ತೆಗೆಸುವ ಅಥವಾ ಬದಲಿಸುವ ಆಪರೇಷನ್ ಬರಬಹುದು. ಕ್ರೀಮು, ಮಾತ್ರೆ, ಎಣ್ಣೆಯ ಜಾಹೀರಾತುಗಳನ್ನು ಮಾತ್ರ ನೋಡಲೂ ಬೇಡ.

ಸದ್ಯಕ್ಕೆ ನಿನ್ನ ತೂಕವನ್ನೇ ಡಾಕ್ಟರಿಗೆ ತೋರಿಸು. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, ನಿನಗೆ 17ರ ಆಸುಪಾಸು ಬರುತ್ತದೆ, 18.5ಕ್ಕಿಂತ ಕೆಳಗೆ ಇದ್ದರೆ ಕಡಿಮೆ ಅಂತಲೇ ಲೆಕ್ಕ. ಕೆಲವರ ಮೈಕಟ್ಟೇ ಹಾಗೆ. ಆದರೂ ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸು. ಮುಟ್ಟು ಸರಿಯಾಗಿ ಆಗುತ್ತದಾ ಅಂತಲೂ ಹೇಳು.

ಆ ನಿಶ್ಚಯದ ದಿನದ ಮಾತಿಗೆ ಬರೋಣ. ನಿನ್ನ ನಾದಿನಿಯಾಗುವವರು ಹಾಗೆ ಅಂದಿದ್ದು ಚೇಷ್ಟೆ ಇರಬಹುದು, ಕುಹಕವೂ ಇರಬಹುದು. ನಮ್ಮ ಕಡೆ ಹೆಂಗಸರ ಗುಂಪಿನಲ್ಲಿ ಇಂಥ ಮಾತಿಗೆ ಲಗಾಮಿಲ್ಲ. ನನ್ನ ಮನಸ್ಸಿಗೆ ಚುಚ್ಚಿದ್ದು ನಿಮ್ಮವ್ವ ನಕ್ಕಿದ್ದು. ನಿನಗೂ ಅದೇ ಇರಬೇಕು. ಬೀಗರ ಮುಂದೆ ಏನು ಮಾಡಬೇಕು ತೋಚದೆ ನಕ್ಕಿರುತ್ತಾರೆ. ಆದರೂ ರಾತ್ರಿ ಊಟ ಆದ ಮೇಲೆ, ‘ಅವ್ವಾ, ಅವತ್ತು ನೀನೂ ನಕ್ಕಿ, ನನಗ ಬಾಳ ಬ್ಯಾಸರಾತು’ ಅಂತ ಹೇಳಿಬಿಡು. ಹುಡುಗನಿಗೂ ಹೇಳು. ಆಪರೇಷನ್ ಸುದ್ದಿ ಅಲ್ಲ, ಅವನ ಅಕ್ಕ ಆಡಿದ ಮಾತು. ಇಷ್ಟು ದಿನ ನಿನ್ನ ಮೈ ಬಗ್ಗೆ ಅವನು ಒಂದು ಮಾತೂ ಆಡಿದ ಹಾಗಿಲ್ಲ ನಿನ್ನ ಪತ್ರದಲ್ಲಿ. ‘ಅಕ್ಕನ ಮಾತು ಮನಸಿಗೆ ಹಚ್ಕೋಬ್ಯಾಡ, ನಾ ಹೇಳ್ತೀನಿ ಆಕಿಗೆ’ ಅಂದರೆ ಅರ್ಧ ಭಾರ ಇಳಿಯಿತು. ಅವನೂ ನಕ್ಕರೆ, ಆಗ ನನಗೆ ಇನ್ನೊಂದು ಪತ್ರ ಬರಿ. ಅದು ಬೇರೆಯೇ ಸಮಸ್ಯೆ.

ಕನ್ನಡಿ ನೋಡೋಕೆ ಆಗದಿರುವುದು ತಿಂಗಳಾದರೂ ಹೋಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಮಾತಾಡಿ ಬಾ. ಹುಚ್ಚಾಸ್ಪತ್ರೆ ಅಂತ ಜನ ಅನ್ನುತ್ತಾರೆ, ಅನ್ನಲಿ. ಹೋಗೋಕೆ ಮನಸ್ಸಿಲ್ಲದಿದ್ದರೆ 14416ಕ್ಕೆ ಫೋನ್ ಮಾಡು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಡ್ವಾನ್ಸ್ ವಾಪಸ್ ಬೇಕು ಅಂತ ಇವತ್ತೇ ಆ ಕ್ಲಿನಿಕ್‌ಗೆ ಬರವಣಿಗೆಯಲ್ಲಿ ಕಳಿಸು, ರಸೀದಿ ಜೋಪಾನ ಮಾಡು. ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಆಮೇಲೆ ಸೋದರತ್ತೆಗೆ ಒಂದು ಫೋನ್ ಮಾಡಿ, ಕಾಯಿಲೆ ಗೊತ್ತಾದಾಗ ಅವರಿಗೆ ಎಷ್ಟು ವಯಸ್ಸು, ಮನೆತನದಲ್ಲಿ ಬೇರೆ ಯಾರಿಗಾದರೂ ಆಗಿತ್ತಾ ಅಂತ ಕೇಳಿ ಬರೆದಿಟ್ಟುಕೋ. ಡಾಕ್ಟರ್ ಮೊದಲು ಕೇಳೋದು ಅದನ್ನೇ.