ಶೇ 15ರ ಮಿತಿ ಮತ್ತು ಸಂಶೋಧನಾ ವಿಶ್ವವಿದ್ಯಾಲಯಗಳ ವಕಾಲತ್ತು

ಪ್ರಶ್ನೆ: ನನ್ನ ಮಗಳು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಜೀವರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಸಂಶೋಧನಾ ಅನುದಾನದ ಶೇ 60ರಷ್ಟು ಹಣವನ್ನು ವಿಶ್ವವಿದ್ಯಾಲಯಗಳೇ ನುಂಗುತ್ತಿದ್ದವು, ಅದಕ್ಕೇ ಸರ್ಕಾರ ಶೇ 15ರ ಮಿತಿ ಹೇರಿತು ಎಂದು ಓದಿದೆ. ಇದು ನಿಜವೇ? ವಿಶ್ವವಿದ್ಯಾಲಯಗಳ ಪರ ವಾಷಿಂಗ್ಟನ್ನಿನಲ್ಲಿ ಮಾತನಾಡುವವರು ಯಾರು? ಅದು ಲಾಬಿಯಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಶೇ 60 ಎಂಬುದು ಒಟ್ಟು ಅನುದಾನದ ಪಾಲಲ್ಲ, ನೇರ ವೆಚ್ಚದ ಮೇಲೆ ಕಟ್ಟುವ ದರ. ಸಂಬಳ, ರಾಸಾಯನಿಕ ಮುಂತಾದ ನೇರ ವೆಚ್ಚ 1 ಲಕ್ಷ ಡಾಲರ್ ಆದರೆ ಕಟ್ಟಡ, ವಿದ್ಯುತ್, ತ್ಯಾಜ್ಯ ವಿಲೇವಾರಿ, ಲೆಕ್ಕಪತ್ರ ಇತ್ಯಾದಿಗಳಿಗೆಂದು 60 ಸಾವಿರ ಸೇರುತ್ತದೆ, ಒಟ್ಟು 1.6 ಲಕ್ಷದಲ್ಲಿ ಅದು ಶೇ 37.5 ಮಾತ್ರ. ಆ 1 ಲಕ್ಷದಲ್ಲಿ 20 ಸಾವಿರದ ದೊಡ್ಡ ಉಪಕರಣವಿದ್ದರೆ ಅದನ್ನು ಕಳೆದು ಉಳಿದ 80 ಸಾವಿರಕ್ಕಷ್ಟೇ ದರ ಅನ್ವಯಿಸುವುದರಿಂದ ಸಿಗುವುದು 48 ಸಾವಿರ. ಈ ದರದಲ್ಲಿ ಆಡಳಿತ ವೆಚ್ಚದ ಭಾಗಕ್ಕೆ 1991ರಿಂದಲೇ ಶೇ 26ರ ಮಿತಿಯಿದೆ. ಇಷ್ಟು ಸರಳವಾದ ಲೆಕ್ಕವನ್ನು ದಶಕಗಳ ಕಾಲ ಜನರಿಗೆ ತಿಳಿಯುವಂತೆ ಹೇಳದೇ ಹೋದದ್ದು ವಿಶ್ವವಿದ್ಯಾಲಯಗಳದೇ ಲೋಪವೆಂದು ನನ್ನ ಅಭಿಪ್ರಾಯ.

ಅವುಗಳ ಪರ ಮಾತನಾಡುವ ಸಂಘಗಳು ಹಲವು. 1900ರಲ್ಲಿ ಹುಟ್ಟಿದ ಅಸೋಸಿಯೇಷನ್ ಆಫ್ ಅಮೆರಿಕನ್ ಯೂನಿವರ್ಸಿಟೀಸ್ ಸಂಸತ್ತಿನತ್ತ ಗಮನವಿಟ್ಟರೆ, 1948ರ ಕೌನ್ಸಿಲ್ ಆನ್ ಗವರ್ನಮೆಂಟಲ್ ರಿಲೇಷನ್ಸ್ ನಿಯಮಾವಳಿಗಳ ಕರಡನ್ನು ಸಾಲುಸಾಲಾಗಿ ಓದಿ, ಯಾವ ಷರತ್ತಿನಿಂದ ಪ್ರಯೋಗಾಲಯಕ್ಕೆ ಎಷ್ಟು ಹೊರೆ ಬೀಳುತ್ತದೆಂದು ಲಿಖಿತ ಅಭಿಪ್ರಾಯ ಸಲ್ಲಿಸುತ್ತದೆ. ಸಂಸದರನ್ನು ಕಂಡು ಮಸೂದೆಯ ಪರವೋ ವಿರುದ್ಧವೋ ಒತ್ತಾಯಿಸುವುದು ಖಂಡಿತ ಲಾಬಿಯೇ. ಆದರೆ ಅದರ ಖರ್ಚನ್ನು ಫೆಡರಲ್ ಅನುದಾನದ ಲೆಕ್ಕಕ್ಕೆ ಹಾಕುವಂತಿಲ್ಲ.

ನಿಯಮ, ಕಾಯ್ದೆಗಳ ಬೆನ್ನು ಹತ್ತುವ ಈ ಬೇಸರದ ಕೆಲಸದ ಬೆಲೆ ತಿಳಿದದ್ದು 2025ರಲ್ಲಿ. ಫೆಬ್ರುವರಿ 7ರ ಶುಕ್ರವಾರ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ತನ್ನ ಅನುದಾನಗಳಲ್ಲಿ ಈ ದರಕ್ಕೆ ಶೇ 15ರ ಮಿತಿಯನ್ನು ಪ್ರಕಟಿಸಿ ಸೋಮವಾರದಿಂದಲೇ ಜಾರಿ ಎಂದಿತು. ಸೋಮವಾರವೇ 22 ರಾಜ್ಯಗಳೂ ವಿಶ್ವವಿದ್ಯಾಲಯಗಳ ಸಂಘಗಳೂ ನ್ಯಾಯಾಲಯದ ಮೆಟ್ಟಿಲೇರಿದವು. ಅವರ ಕೈಯಲ್ಲಿದ್ದ ಬಲವಾದ ಅಸ್ತ್ರ ಹಳೆಯದು: 2017ರಲ್ಲಿ ಶೇ 10ರ ಮಿತಿಯ ಪ್ರಸ್ತಾವ ಬಂದಾಗ ಅದನ್ನು ಒಪ್ಪದ ಸಂಸತ್ತು, ಎನ್‌ಐಎಚ್ ಈ ಪದ್ಧತಿಯನ್ನು ತಾನಾಗಿ ಬದಲಿಸಬಾರದೆಂಬ ಷರತ್ತನ್ನು 2018ರಿಂದ ಧನವಿನಿಯೋಗ ಕಾಯ್ದೆಗಳಲ್ಲಿ ಉಳಿಸಿಕೊಂಡು ಬಂದಿತ್ತು. ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಧೀಶೆ ಏಂಜೆಲ್ ಕೆಲಿ ಅವರು ಏಪ್ರಿಲ್‌ನಲ್ಲಿ ಕಾಯಂ ತಡೆ ನೀಡಿದರು. 2026ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಆದರೂ ಆ ಷರತ್ತು ವರ್ಷವರ್ಷವೂ ನವೀಕರಣಗೊಳ್ಳಬೇಕಾದದ್ದು. ಹೀಗಾಗಿ ಸಂಘಗಳು ಒಟ್ಟಾಗಿ, ಪ್ರತಿ ಯೋಜನೆಯ ವೆಚ್ಚವನ್ನು ಬಿಡಿಬಿಡಿಯಾಗಿ ತೋರಿಸುವ ಪರ್ಯಾಯ ಪದ್ಧತಿಯನ್ನೂ 2025ರಲ್ಲೇ ಮುಂದಿಟ್ಟವು.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಕರಡು ನಿಯಮಗಳಿಗೆ ಅಭಿಪ್ರಾಯ ಸಲ್ಲಿಸಲು ಅಲ್ಲಿನ ಪೌರತ್ವ ಬೇಕಿಲ್ಲ. ತನ್ನ ಹೆಸರಿನಲ್ಲೇ, ತನ್ನ ಪ್ರಯೋಗಾಲಯದ ಕೆಲಸವನ್ನು ಉದಾಹರಿಸಿ ಬರೆಯಬಹುದು. ವಿಶ್ವವಿದ್ಯಾಲಯದ ಪರವಾಗಿ ಬರೆಯುವುದಾದರೆ ಮಾತ್ರ ಅಲ್ಲಿನ ಸರ್ಕಾರಿ ಸಂಪರ್ಕ ಕಚೇರಿಯ ಒಪ್ಪಿಗೆ ಪಡೆಯಲಿ.