ಓದುಗರ ಪ್ರಶ್ನೆ, ತಜ್ಞರ ಉತ್ತರ: ಪಿಡಿಎಫ್ ಮಾಡುವುದು, ಜೋಡಿಸಿಡುವುದು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪಿಡಿಎಫ್ ಕುರಿತೇ ಇದ್ದವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ವರ್ಡ್‌ನಲ್ಲಿ ಪ್ರಿಂಟ್ ಕೊಟ್ಟು ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿದರೂ ಪಿಡಿಎಫ್ ಸಿಗುತ್ತದೆ, ‘ಸೇವ್ ಆ್ಯಸ್’ ಮಾಡಿದರೂ ಸಿಗುತ್ತದೆ. ಯಾವುದಾದರೂ ಆದೀತೆ?

ನೋಡಲು ಎರಡೂ ಒಂದೇ, ಒಳಗೆ ಬೇರೆ ಬೇರೆ. ಪ್ರಿಂಟ್ ಕೊಟ್ಟಾಗ ವರ್ಡ್ ಕಾಗದದ ಮೇಲೆ ಏನು ಕಾಣಬೇಕೋ ಅಷ್ಟನ್ನೇ ಕಳಿಸುತ್ತದೆ. ಕಾಗದಕ್ಕೆ ಬೇಡದ್ದೆಲ್ಲ ದಾರಿಯಲ್ಲೇ ಉದುರಿಹೋಗುತ್ತದೆ. ಪರಿವಿಡಿಯ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಆ ಪುಟಕ್ಕೆ ಹೋಗುವುದಿಲ್ಲ, ಎಡಬದಿಯಲ್ಲಿ ಅಧ್ಯಾಯಗಳ ಬುಕ್‌ಮಾರ್ಕ್ ಪಟ್ಟಿ ಇರುವುದಿಲ್ಲ, ಪದಗಳ ಹಿಂದೆ ಅಡಗಿಸಿದ ಲಿಂಕ್‌ಗಳು ಸತ್ತಿರುತ್ತವೆ. ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಯಾವುದು ಶೀರ್ಷಿಕೆ, ಯಾವುದು ಪ್ಯಾರಾ ಎಂಬುದೂ ತಿಳಿಯುವುದಿಲ್ಲ.

ಹಾಗಾಗಿ ವರ್ಡ್‌ನಲ್ಲಿ ಎಫ್12 ಒತ್ತಿ, ‘ಸೇವ್ ಆ್ಯಸ್ ಟೈಪ್’ನಲ್ಲಿ ಪಿಡಿಎಫ್ ಆರಿಸಿ. ‘ಸೇವ್’ ಒತ್ತುವ ಮೊದಲು ಅಲ್ಲೇ ಇರುವ ‘ಆಪ್ಷನ್ಸ್’ ಗುಂಡಿಯನ್ನು ತೆರೆಯಿರಿ. ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ‘ಕ್ರಿಯೇಟ್ ಬುಕ್‌ಮಾರ್ಕ್ಸ್ ಯೂಸಿಂಗ್’ ಎಂಬಲ್ಲಿ ಗುರುತು ಹಾಕಿ ‘ಹೆಡಿಂಗ್ಸ್’ ಆರಿಸಿದರೆ ನಿಮ್ಮ ಶೀರ್ಷಿಕೆಗಳೆಲ್ಲ ಬುಕ್‌ಮಾರ್ಕ್ ಆಗುತ್ತವೆ. ಆದರೆ ಶೀರ್ಷಿಕೆಗಳಿಗೆ ‘ಹೆಡಿಂಗ್ 1’, ‘ಹೆಡಿಂಗ್ 2’ ಸ್ಟೈಲ್ ಕೊಟ್ಟಿರಬೇಕು. ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಕೊಟ್ಟದ್ದನ್ನು ವರ್ಡ್ ಶೀರ್ಷಿಕೆ ಎಂದು ಎಣಿಸುವುದಿಲ್ಲ. ವರ್ಡ್‌ನಂತೆಯೇ ಕೆಲಸ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಬಳಸುವವರು ‘ಫೈಲ್’ ಮೆನುವಿನ ‘ಎಕ್ಸ್‌ಪೋರ್ಟ್ ಆ್ಯಸ್’ಗೆ ಹೋದರೆ ಇದೇ ಬಗೆಯ ಆಯ್ಕೆಗಳು ಸಿಗುತ್ತವೆ.

ಪ್ರಿಂಟ್ ದಾರಿಯಲ್ಲಿ ಇನ್ನೊಂದು ಕಾಟವಿದೆ. ಕಾಗದದ ಅಳತೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ‘ಲೆಟರ್’ ಎಂದಿರುತ್ತದೆ. ಅದು ಎ4ಗಿಂತ ಸುಮಾರು 6 ಮಿ.ಮೀ. ಅಗಲ, 18 ಮಿ.ಮೀ. ಗಿಡ್ಡ. ಪುಟದ ತಳದ ಸಾಲು ಮುಂದಿನ ಪುಟಕ್ಕೆ ಜಾರಿದ್ದರೆ ಅಥವಾ ಅಕ್ಷರಗಳು ಕುಗ್ಗಿದಂತೆ ಕಂಡರೆ ಮೊದಲು ಇದನ್ನೇ ನೋಡಿ. ಪಿಡಿಎಫ್ ಮಾಡುವ ಸೌಲಭ್ಯವೇ ಇಲ್ಲದ ತಂತ್ರಾಂಶಗಳಿಗೆ, ದೊಡ್ಡ ಕಡತದಿಂದ ನಾಲ್ಕಾರು ಪುಟ ಮಾತ್ರ ಬೇರ್ಪಡಿಸಲು ಪ್ರಿಂಟ್ ದಾರಿ ಸಾಕು.

ಪ್ರಶ್ನೆ: ನಮ್ಮ ಕನ್ನಡ ಪಿಡಿಎಫ್‌ಗಳಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ. ಕಾಪಿ ಮಾಡಿದರೆ ಕೆಲವು ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ, ಕೆಲವುದರಲ್ಲಿ ಒತ್ತಕ್ಷರ ಅದಲುಬದಲಾಗಿರುತ್ತದೆ. ಏಕೆ?

ಇವು ಎರಡು ಬೇರೆ ಬೇರೆ ಕಾಯಿಲೆಗಳು.

ಇಂಗ್ಲಿಷ್ ಅಕ್ಷರ ಬರುತ್ತಿದ್ದರೆ ಕಡತವನ್ನು ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಏರ್ಪಾಡು) ಅಲ್ಲದ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ್ದಾರೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿಕೊಂಡಿವೆ. ತೆರೆಯ ಮೇಲೆ ಕಾಣುವುದು ಕನ್ನಡ, ಕಡತದೊಳಗಿರುವುದು ಇಂಗ್ಲಿಷ್ ಸಂಕೇತ. ಪಿಡಿಎಫ್ ಆದ ಮೇಲೆ ಇದನ್ನು ಸರಿಪಡಿಸುವುದು ಕಷ್ಟ. ಮೂಲ ವರ್ಡ್ ಕಡತ ಹುಡುಕಿ, ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿ, ತುಂಗಾ, ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಕೊಟ್ಟು ಮತ್ತೆ ಪಿಡಿಎಫ್ ಮಾಡಿ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಅಂಕಿ, ಉದ್ಧರಣ ಚಿಹ್ನೆಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಒತ್ತಕ್ಷರ ಅದಲುಬದಲಾಗುವುದು ಯುನಿಕೋಡ್ ಕಡತಗಳ ತೊಂದರೆ. ಪಿಡಿಎಫ್ ಬರೆದಿಡುವುದು ಯಾವ ಆಕಾರ ಪುಟದ ಯಾವ ಜಾಗದಲ್ಲಿ ಕೂರಬೇಕು ಎಂಬುದನ್ನು. ‘ಶಕ್ತಿ’ ಪದ ನೋಡಿ. ಬೆರಳಚ್ಚು ಮಾಡುವ ಕ್ರಮ ಶ, ಕ, ಹಲಂತ, ತ, ಗುಡಿಸು. ಚಿತ್ರಿಸುವಾಗ ಗುಡಿಸು ಕಕಾರದ ತಲೆಗೇರುತ್ತದೆ, ತ-ಒತ್ತು ಆಮೇಲೆ ಕೆಳಗೆ ಕೂರುತ್ತದೆ. ಕಾಪಿ ಮಾಡಿದಾಗ ಆಕಾರಗಳ ಕ್ರಮದಲ್ಲೇ ಹೊರಬಂದರೆ ‘ಶಕಿ್ತ’ ಆಗುತ್ತದೆ. ‘ಸೂರ್ಯ’ ಹೀಗೆಯೇ ‘ಸೂಯರ್’ ಆಗುವುದು. ಹುಡುಕು ಪೆಟ್ಟಿಗೆಯಲ್ಲಿ ನೀವು ಸರಿಯಾಗಿ ‘ಶಕ್ತಿ’ ಎಂದು ಬರೆದಿದ್ದೀರಿ, ಕಡತದಲ್ಲಿ ಆ ಕ್ರಮವೇ ಇಲ್ಲ, ಸಿಗುವುದೆಲ್ಲಿಂದ?

ಆಕಾರದ ಜೊತೆಗೆ ಮೂಲ ಅಕ್ಷರಕ್ರಮವನ್ನೂ ಬರೆದಿಡುವ ಅನುಕೂಲ ಪಿಡಿಎಫ್‌ನಲ್ಲಿದೆ. ಕೆಲವು ತಂತ್ರಾಂಶಗಳು ಅದನ್ನು ಬಳಸುತ್ತವೆ, ಕೆಲವು ಇಲ್ಲ. ಆದ್ದರಿಂದ ನೂರಾರು ಕಡತ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ: ಶಕ್ತಿ, ಸೂರ್ಯ, ಸ್ತ್ರೀ, ಕೃಷ್ಣ, ವೈದ್ಯ ಎಂದು ಒಂದು ಸಾಲು ಬರೆದು ವರ್ಡ್‌ನಿಂದೊಂದು, ಲಿಬ್ರೆಆಫೀಸ್‌ನಿಂದೊಂದು ಪಿಡಿಎಫ್ ಮಾಡಿ, ಎರಡರಿಂದಲೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಯಾವುದರಲ್ಲಿ ಕೆಡದೆ ಬಂತೋ ಅದೇ ದಾರಿ ಹಿಡಿಯಿರಿ. ಎರಡರಲ್ಲೂ ಕೆಟ್ಟರೆ ಕಡತದ ಹೆಸರಿನಲ್ಲೇ ಮುಖ್ಯ ಪದಗಳನ್ನಿಟ್ಟು ಹುಡುಕಾಟಕ್ಕೆ ದಾರಿ ಮಾಡಿಕೊಳ್ಳಬೇಕು.

ಪ್ರಶ್ನೆ: ಹದಿನಾಲ್ಕು ಪುಟ ಸ್ಕ್ಯಾನ್ ಮಾಡಿದ ಪಿಡಿಎಫ್ 60 ಎಂಬಿ ಆಗಿದೆ. ಅರ್ಜಿಯ ಜಾಲತಾಣ 2 ಎಂಬಿಗಿಂತ ದೊಡ್ಡದನ್ನು ತೆಗೆದುಕೊಳ್ಳುವುದಿಲ್ಲ. ಜಿಪ್ ಮಾಡಿದರೂ ಇಳಿಯಲಿಲ್ಲ.

ಜಿಪ್‌ನಿಂದ ಇಳಿಯುವುದಿಲ್ಲ. ಸ್ಕ್ಯಾನ್ ಪುಟವೆಂದರೆ ಒಂದು ಚಿತ್ರ. ಅದನ್ನು ಸಾಮಾನ್ಯವಾಗಿ ಜೆಪೆಗ್ ವಿಧಾನದಲ್ಲಿ ಆಗಲೇ ಹಿಂಡಿರುತ್ತದೆ. ಹಿಂಡಿದ್ದನ್ನು ಮತ್ತೆ ಹಿಂಡಿದರೆ ಹೆಚ್ಚೇನೂ ಬರದು.

ಲೆಕ್ಕ ನೋಡಿ. ಎ4 ಪುಟವನ್ನು 300 ಡಿಪಿಐನಲ್ಲಿ (ಒಂದು ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ 2480 × 3508 ಚುಕ್ಕೆಗಳು. ಹಿಂಡದೆ ಇಟ್ಟರೆ ಬಣ್ಣದಲ್ಲಿ ಸುಮಾರು 26 ಎಂಬಿ, ಬೂದುಬಣ್ಣದಲ್ಲಿ (ಗ್ರೇಸ್ಕೇಲ್) 8.7 ಎಂಬಿ, ಬರೀ ಕಪ್ಪುಬಿಳುಪಿನಲ್ಲಿ 1.1 ಎಂಬಿ. 600 ಡಿಪಿಐ ಇಟ್ಟರೆ ಎಲ್ಲವೂ ನಾಲ್ಕು ಪಟ್ಟು. ನಿಮ್ಮ ಸ್ಕ್ಯಾನರ್ ‘ಕಲರ್, 600’ ಎಂದಿರುವ ಸಾಧ್ಯತೆಯೇ ಹೆಚ್ಚು.

2 ಎಂಬಿಯನ್ನು ಹದಿನಾಲ್ಕು ಪುಟಕ್ಕೆ ಹಂಚಿದರೆ ಪುಟಕ್ಕೆ 145 ಕೆಬಿಯಷ್ಟು. ಅಚ್ಚಾದ ಅಕ್ಷರ ಮಾತ್ರ ಇರುವ ಪುಟಗಳಾದರೆ 300 ಡಿಪಿಐ, ಕಪ್ಪುಬಿಳುಪು ಇಟ್ಟು ಮತ್ತೆ ಸ್ಕ್ಯಾನ್ ಮಾಡಿ. ಸಾಮಾನ್ಯವಾಗಿ ಪುಟ 100 ಕೆಬಿಯೊಳಗೆ ನಿಲ್ಲುತ್ತದೆ. ಮೊಹರು, ನೀಲಿ ಶಾಯಿಯ ಸಹಿ, ಮಾಸಿದ ಅಕ್ಷರ ಇದ್ದರೆ ಕಪ್ಪುಬಿಳುಪಿನಲ್ಲಿ ಅವು ಅಳಿಸಿಹೋಗಬಹುದು. ಅಂಥ ಪುಟಗಳಿಗೆ ಮಾತ್ರ ಬೂದುಬಣ್ಣ, 150 ಡಿಪಿಐ. ಆಗಲೇ ಇರುವ ದೊಡ್ಡ ಪಿಡಿಎಫ್ ಅನ್ನು ಹಿಂಡುವುದಕ್ಕಿಂತ ಮತ್ತೆ ಸ್ಕ್ಯಾನ್ ಮಾಡುವುದೇ ಮೇಲು, ಹಿಂಡಿದಾಗೆಲ್ಲ ಅಕ್ಷರದ ಅಂಚು ಮಸುಕಾಗುತ್ತದೆ. ದೊಡ್ಡ ಪ್ರತಿಯನ್ನು ಅಳಿಸಬೇಡಿ. ಸಣ್ಣದು ಅರ್ಜಿಗೆ, ದೊಡ್ಡದು ಸಂಗ್ರಹಕ್ಕೆ.

ಅತಿಯಾಗಿ ಹಿಂಡುವ ಯಂತ್ರಗಳನ್ನು ಕುರುಡಾಗಿ ನಂಬುವುದೂ ಬೇಡ. ಒಂದೇ ತರ ಕಾಣುವ ಅಕ್ಷರಗಳಿಗೆಲ್ಲ ಒಂದೇ ಚಿತ್ರ ಬಳಸುವ ವಿಧಾನದಿಂದಾಗಿ ಕೆಲವು ಸ್ಕ್ಯಾನರ್‌ಗಳು 6ರ ಜಾಗದಲ್ಲಿ 8 ಕೂರಿಸುತ್ತಿದ್ದುದು 2013ರಲ್ಲಿ ಬಯಲಾಗಿತ್ತು. ಮಸುಕಾದ ಅಂಕಿ ಸಂಶಯ ಹುಟ್ಟಿಸುತ್ತದೆ, ಸ್ಪಷ್ಟವಾದ ತಪ್ಪು ಅಂಕಿ ಹುಟ್ಟಿಸುವುದಿಲ್ಲ. ಹಣದ ಮೊತ್ತವಿರುವ ಪುಟಗಳನ್ನು ಮೂಲದೊಂದಿಗೆ ತಾಳೆ ನೋಡಿಯೇ ಕಳಿಸಿ.

ಪ್ರಶ್ನೆ: ಇಮೇಲ್‌ನಲ್ಲಿ 25 ಎಂಬಿವರೆಗೆ ಕಳಿಸಬಹುದು ಎನ್ನುತ್ತಾರೆ. ನನ್ನ 22 ಎಂಬಿ ಪಿಡಿಎಫ್ ಹೋಗುತ್ತಿಲ್ಲ.

ಇಮೇಲ್ ಲಗತ್ತುಗಳು ಹಾಗೆಯೇ ಹೋಗುವುದಿಲ್ಲ. ಪ್ರತಿ 3 ಬೈಟ್ 4 ಅಕ್ಷರಗಳಾಗಿ ಬದಲಾಗುತ್ತವೆ. 22 ಎಂಬಿ ಹೊರಡುವಷ್ಟರಲ್ಲಿ 29 ದಾಟಿರುತ್ತದೆ. ಮಿತಿ 25 ಇದ್ದರೆ ನಿಮ್ಮ ಕೈಯಲ್ಲಿರುವುದು 18 ಎಂದೇ ಎಣಿಸಿ. ಅದಕ್ಕಿಂತ ದೊಡ್ಡದಾದರೆ ಗೂಗಲ್ ಡ್ರೈವ್‌ನಂಥ ಆನ್‌ಲೈನ್ ಸಂಗ್ರಹಕ್ಕೆ ಹಾಕಿ ಕೊಂಡಿ ಕಳಿಸಿ.

ಪ್ರಶ್ನೆ: ಕಡತಗಳಿಗೆ ಹೆಸರಿಡುವ ಕ್ರಮ ಹೇಳಿ. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂದು ಫೋಲ್ಡರ್ ತುಂಬಿದೆ. ಕನ್ನಡದಲ್ಲೇ ಹೆಸರಿಡಬಹುದೆ?

ಇಡಬಹುದು. ಮೊದಲು ದಿನಾಂಕ, ಅದೂ ವರ್ಷ-ತಿಂಗಳು-ದಿನ ಕ್ರಮದಲ್ಲಿ: 2024-03-05. ದಿನವನ್ನು ಮುಂದಿಟ್ಟರೆ ಎಲ್ಲ ತಿಂಗಳ ಒಂದನೇ ತಾರೀಕುಗಳು ಒಂದೆಡೆ ಗುಂಪಾಗುತ್ತವೆ. ತಿಂಗಳು, ದಿನಕ್ಕೆ ಸೊನ್ನೆ ಸೇರಿಸಿ ಎರಡಂಕಿ ಬರೆಯಿರಿ. ಆಮೇಲೆ ಯಾರಿಂದ ಬಂದದ್ದು, ಏನು, ಎಷ್ಟನೇ ಆವೃತ್ತಿ: ‘2024-03-05_ವಿಮೆ_ನವೀಕರಣ_ರಸೀದಿ_ಆ02’. ‘ಫೈನಲ್’ ಪದವನ್ನೇ ಬಿಟ್ಟುಬಿಡಿ, ಅಂಕಿ ಸಾಕು. ಯಾವ ದಿನಾಂಕ ಎಂಬುದನ್ನೂ ನಿಶ್ಚಯಿಸಿಕೊಳ್ಳಿ. ನಮ್ಮ ಮತ ಕಾಗದದ ಮೇಲಿರುವ ದಿನಾಂಕಕ್ಕೆ. ಸ್ಕ್ಯಾನ್ ಮಾಡಿದ ದಿನವನ್ನು ಕಂಪ್ಯೂಟರೇ ಬರೆದಿಟ್ಟುಕೊಂಡಿರುತ್ತದೆ.

ಓರೆಗೆರೆ, ಕೋಲನ್, ಪ್ರಶ್ನಾರ್ಥಕ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ, ಕೋನಾಕಾರದ ಕಂಸ, ನೆಟ್ಟಗಿನ ಗೆರೆ ಇವನ್ನು ವಿಂಡೋಸ್ ಒಪ್ಪುವುದಿಲ್ಲ. 05/03/2024 ಎಂದು ಬರೆಯಲಾಗದಿರುವುದು ಇದಕ್ಕೇ.

ಕನ್ನಡ ಹೆಸರಿಗೆ ಉದ್ದದ ಮಿತಿ ಬೇಗ ಮುಟ್ಟುತ್ತದೆ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತು, ಗುಣಿತ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಒಂದಕ್ಕೇ 18 ಬೈಟ್! ವಿಂಡೋಸ್‌ನ ಬಹಳಷ್ಟು ತಂತ್ರಾಂಶಗಳಲ್ಲಿ ಫೋಲ್ಡರ್‌ಗಳ ಹೆಸರೂ ಸೇರಿ ಇಡೀ ವಿಳಾಸ 260 ಅಕ್ಷರದೊಳಗಿರಬೇಕು. ಫೋಲ್ಡರ್‌ನೊಳಗೆ ಫೋಲ್ಡರ್ ಎಂದು ಏಳೆಂಟು ಹಂತ ಇಳಿದವರಿಗೆ ‘ಕಾಪಿ ಆಗುತ್ತಿಲ್ಲ’ ಎಂಬ ದೂರು ಬರುವುದು ಇದರಿಂದಲೇ. ವಿಷಯ, ಅದರೊಳಗೆ ವರ್ಷ: ಎರಡು ಹಂತ ಸಾಕು.

ಪ್ರಶ್ನೆ: ಪಿಡಿಎಫ್‌ನಲ್ಲಿ ಖಾತೆ ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದು ಕಳಿಸಿದರೆ ಸಾಲದೆ?

ಸಾಲದು. ಪಟ್ಟಿ ಮೇಲಿದೆ, ಅಂಕಿ ಕೆಳಗೆ ಹಾಗೇ ಇದೆ. ಎಲ್ಲವನ್ನೂ ಆರಿಸಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದರೆ ಈಚೆ ಬರುತ್ತದೆ. ಮೂಲ ಕಡತದಲ್ಲೇ ಆ ಅಂಕಿ ಅಳಿಸಿ ‘ಎಕ್ಸ್’ ಹಾಕಿ ಹೊಸ ಪಿಡಿಎಫ್ ಮಾಡುವುದು ಸುಲಭ. ಮೂಲವಿಲ್ಲದಿದ್ದರೆ ಅಕ್ರೊಬ್ಯಾಟ್ ಪ್ರೋ ಅಥವಾ ಲಿಬ್ರೆಆಫೀಸ್‌ನ ‘ರಿಡ್ಯಾಕ್ಟ್’ (ಮರೆಮಾಡಿದ್ದನ್ನು ಕಡತದಿಂದಲೇ ತೆಗೆಯುವ ಸೌಲಭ್ಯ) ಬಳಸಿ. ಕಳಿಸುವ ಮೊದಲು ಅದೇ ಕಾಪಿ ಪರೀಕ್ಷೆ ಮಾಡಿ.

ಪ್ರಶ್ನೆ: ಡಿಜಿಟಲ್ ಸಹಿ ಇದ್ದ ಪತ್ರವನ್ನು ಬೇರೆ ಪುಟಗಳ ಜೊತೆ ಸೇರಿಸಿ ಒಂದೇ ಪಿಡಿಎಫ್ ಮಾಡಿದೆ. ಸಹಿ ಹೋಯಿತು.

ಸಹಿ ಕಡತದ ಬೈಟ್‌ಗಳಿಗೆ ಹಾಕಿದ್ದು, ಪುಟದ ಮೇಲೆ ಕಾಣುವ ಚಿತ್ರಕ್ಕಲ್ಲ. ಸೇರಿಸಿದರೂ, ಪ್ರಿಂಟ್ ಮಾಡಿ ಮತ್ತೆ ಪಿಡಿಎಫ್ ಮಾಡಿದರೂ ಅದು ಉಳಿಯದು. ಮೂಲವನ್ನು ಹಾಗೆಯೇ ಬೇರೆಯಾಗಿ ಕಳಿಸಿ.

ಪ್ರಶ್ನೆ: ಪಿಡಿಎಫ್ ಇದೆಯಲ್ಲ ಎಂದು ವರ್ಡ್ ಕಡತ ಅಳಿಸಬಹುದೆ?

ಬೇಡ. ವರ್ಡ್ 2013ರಿಂದೀಚೆಗೆ ಪಿಡಿಎಫ್ ತೆರೆದು ತಿದ್ದಬಹುದು, ಆದರೆ ಕೋಷ್ಟಕ, ಕಾಲಂ ಚೆಲ್ಲಾಪಿಲ್ಲಿಯಾಗುತ್ತವೆ. ಕನ್ನಡಕ್ಕೆ ಮೇಲೆ ಹೇಳಿದ ಒತ್ತಕ್ಷರದ ಪಾಡು. ಲಿಬ್ರೆಆಫೀಸ್‌ನ ಪಿಡಿಎಫ್ ಆಯ್ಕೆಗಳಲ್ಲಿ ‘ಹೈಬ್ರಿಡ್’ ಎಂಬುದಕ್ಕೆ ಗುರುತು ಹಾಕಿದರೆ ತಿದ್ದಬಹುದಾದ ಮೂಲವೂ ಅದೇ ಕಡತದೊಳಗೆ ಉಳಿಯುತ್ತದೆ. ಹೊರಗಿನವರಿಗೆ ಕಳಿಸುವ ಪ್ರತಿಗೆ ಮಾತ್ರ ಅದನ್ನು ಬಳಸಬೇಡಿ.

ಪ್ರಶ್ನೆ: ಹತ್ತಿಪ್ಪತ್ತು ವರ್ಷ ಇಡಬೇಕಾದ ದಾಖಲೆಗಳಿಗೆ ‘ಪಿಡಿಎಫ್/ಎ’ ಬೇಕೆನ್ನುತ್ತಾರೆ. ಪಾಸ್‌ವರ್ಡ್ ಹಾಕಲು ಹೋದರೆ ಬಿಡುತ್ತಿಲ್ಲ.

ಬಿಡಬಾರದು ಕೂಡ. 2005ರಲ್ಲಿ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಮಾನಕವಾದ ಈ ಬಗೆ, ಮುಂದೊಂದು ದಿನ ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೂ ಹಾಗೇ ಕಾಣಬೇಕೆಂದು ಮಾಡಿದ್ದು. ಫಾಂಟ್‌ಗಳೆಲ್ಲ ಕಡತದೊಳಗೇ ಇರಬೇಕು. ಧ್ವನಿ, ವಿಡಿಯೊ, ಪಾಸ್‌ವರ್ಡ್ ಸಲ್ಲದು. ಕನ್ನಡದವರಿಗೆ ಫಾಂಟ್ ನಿಯಮವೊಂದೇ ಸಾಕು ಇದನ್ನು ಆರಿಸಲು. ವರ್ಡ್‌ನ ಅದೇ ‘ಆಪ್ಷನ್ಸ್’ ಪೆಟ್ಟಿಗೆಯಲ್ಲಿ ಇದಕ್ಕೂ ಗುರುತು ಹಾಕುವ ಜಾಗವಿದೆ. ಗುಟ್ಟಾಗಿಡಬೇಕಾದರೆ ಕಡತಕ್ಕೆ ಬೀಗ ಹಾಕುವ ಬದಲು ಅದನ್ನಿಟ್ಟ ಹಾರ್ಡ್ ಡ್ರೈವ್ ಅಥವಾ ಪೆನ್ ಡ್ರೈವ್‌ಗೆ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ ರಕ್ಷಣೆ) ಹಾಕಿ, ಇನ್ನೊಂದು ಪ್ರತಿಯನ್ನು ಬೇರೆ ಡ್ರೈವ್‌ನಲ್ಲಿ ಬೇರೆ ಜಾಗದಲ್ಲಿಡಿ.